ತೆರೆಯದ ಫೋಟೋ, ತಡೆಯದ ಸಿಟ್ಟು

ಮನುಷ್ಯರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಒಂದು ಸುಖವಿದೆ. ನಾವು ಬೈದರೆ ಅವರು ತಿರುಗಿ ಬೈಯುತ್ತಾರೆ, ನಾವು ಇನ್ನಷ್ಟು ಬೈಯುತ್ತೇವೆ, ಕೊನೆಗೆ ಯಾರಾದರೊಬ್ಬರು ಚಹಾ ಕುಡಿಯೋಣ ಎನ್ನುತ್ತಾರೆ. ಕಂಪ್ಯೂಟರಿನ ಮೇಲೆ ಸಿಟ್ಟು ಬಂದರೆ ಆ ಸುಖವೂ ಇಲ್ಲ. ‘ಈ ಫೈಲು ನನಗೆ ಒಗ್ಗುವುದಿಲ್ಲ’ ಎಂಬರ್ಥದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ‘ಓಕೆ’ ಎಂಬ ಒಂದೇ ಗುಂಡಿ ಇಡುತ್ತದೆ. ಏನು ಓಕೆ? ಯಾರಿಗೆ ಓಕೆ? ನನಗೆ ಓಕೆ ಅಲ್ಲ ಎಂದು ಹೇಳುವ ಗುಂಡಿ ಎಲ್ಲಿದೆ? ನಾನು ಸಿಟ್ಟಿನ ಹೆಂಗಸು ಎಂಬುದನ್ನು ನಮ್ಮ ಅತ್ತೆ ನನ್ನ ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದರು. ಆದರೆ ಆ ಸಿಟ್ಟಿಗೆ ಪೂರ್ಣ ಅವಕಾಶ ಸಿಕ್ಕಿದ್ದು ವಾಡಿಯಲ್ಲಿ ನಾವು ವಿಡಿಯೋ ಮಿಕ್ಸಿಂಗ್ ಅಂಗಡಿ ತೆರೆದ ಮೇಲೆ.

ಅದು ಕ್ಯಾಸೆಟ್ಟು ಹಿಂದೆ ಸರಿದು ಸಿಡಿ ಬರುತ್ತಿದ್ದ ಕಾಲ. ನಮ್ಮ ಮನೆಯವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಚಿತ್ತಾಪುರ, ಸೇಡಂ ಅಂತ ಮದುವೆಗಳಿಗೆ ಹೋಗುತ್ತಿದ್ದರು. ಮೊದಲ ಪಂಕ್ತಿಯಲ್ಲಿ ಊಟ, ಮೇಲೆ ಒಂದು ಟೊಪ್ಪಿಗೆ, ಟವೆಲ್ಲು. ನಾನು ಅಂಗಡಿಯಲ್ಲಿ ಕೂತು ಅವರು ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಸಿಡಿ ಮಾಡುತ್ತಿದ್ದೆ. ಮದುವೆಯ ಹುಗ್ಗಿ ಅವರಿಗೆ, ಮದುವೆಯ ತಲೆನೋವು ನನಗೆ.

ಒಮ್ಮೆ ರಾವೂರಿನ ಕಮಲಾಬಾಯಿ ಎಂಬವರ ಮಗಳು ಸುನೀತಾಳ ಮದುವೆಯ ಕೆಲಸ ಬಂತು. ಸುನೀತಾಳ ಅಪ್ಪ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದವರು, ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಅವರ ತಮ್ಮ ಮಾರುತಿ ಮುಂದೆ ನಿಂತು ಎಲ್ಲ ನಡೆಸಿಕೊಟ್ಟಿದ್ದ. ಕಮಲಾಬಾಯಿ ಅಂಗಡಿಗೆ ಬಂದು ಕೂತು ಹೇಳಿದರು:

“ಅಕ್ಕೋರೆ, ಬುದ್ಧವಂದನಾ ಮುಗಿದ ಕೂಡ್ಲೇ ನಮ್ಮ ಮನಿಯವರ ಮಾರಿ ಬರಬೇಕ್ರಿ. ಮಗಳ ಲಗ್ನ ಅಂತೂ ನೋಡ್ಲಿಲ್ಲ. ಲಗ್ನದ ಸಿಡಿದಾಗಾದ್ರೂ ಇರ್ಲಿ.”

“ಫೋಟೋ ಕೊಡ್ರಿ, ಹಾಕ್ತೀನಿ” ಎಂದೆ.

ಫೋಟೋ ಇರಲಿಲ್ಲ. ಇದ್ದ ಒಂದೇ ಫೋಟೋವನ್ನು ಮದುವೆಯ ಬ್ಯಾನರಿಗೆಂದು ಶಹಾಬಾದಿನ ಒಂದು ಪ್ರೆಸ್ಸಿಗೆ ಕೊಟ್ಟಿದ್ದರು. ಮದುವೆ ಮುಗಿದರೂ ಬ್ಯಾನರ್ ಬರಲಿಲ್ಲ. ಫೋಟೋ ಎಲ್ಲಿ ಎಂದರೆ ಕಳೆದಿದೆ ಎಂದರು ಪ್ರೆಸ್ಸಿನವರು. ಕಂಪ್ಯೂಟರಿನಲ್ಲಿ ಮಾತ್ರ ಇದೆಯಂತೆ, ಅದನ್ನು ಸಿಡಿಗೆ ಹಾಕಿ ಕೊಟ್ಟಿದ್ದರು. ಒಬ್ಬ ಮನುಷ್ಯನ ಮುಖ ಜಗತ್ತಿನಲ್ಲಿ ಉಳಿದಿರುವುದು ಪ್ರೆಸ್ಸಿನ ಒಂದು ಕಂಪ್ಯೂಟರಿನಲ್ಲಿ, ಈ ಒಂದು ಸಿಡಿಯಲ್ಲಿ ಮಾತ್ರ! ನನ್ನ ಸಿಟ್ಟು ಅಲ್ಲಿಂದಲೇ ಶುರುವಾಯಿತು.

ಸಿಡಿ ಹಾಕಿದೆ. ನನ್ನ ಮಿಕ್ಸಿಂಗ್ ಸಾಫ್ಟ್‌ವೇರು ಆ ಫೋಟೋವನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪಲಿಲ್ಲ. ಮನೆಯವರು ಹಿಂದೆ ನಿಂತು, “ಫೈಲಿನ ಹೆಸರಿನ ಬಾಲ ಬದಲಿ ಮಾಡು. ಟಿಫ್ ಅಂತ ಇದ್ದದ್ದು ಜೆಪೆಗ್ ಅಂತ ಬರಿ, ಆಗ್ತದ” ಎಂದರು. ಬರೆದೆ. ಆಗಲಿಲ್ಲ. ಜೋಳದ ಚೀಲದ ಮೇಲೆ ಅಕ್ಕಿ ಅಂತ ಬರೆದರೆ ಒಳಗೆ ಅಕ್ಕಿ ಆಗುತ್ತದೆಯೇ? ಇದನ್ನು ಅವರಿಗೆ ಸ್ವಲ್ಪ ಜೋರಾಗಿಯೇ ತಿಳಿಸಿದೆ. ಅವರಿಗೆ ತಕ್ಷಣ ಚಿಂಚೋಳಿಯಲ್ಲಿ ಏನೋ ಕೆಲಸ ನೆನಪಾಗಿ ಬಸ್‌ಸ್ಟ್ಯಾಂಡಿಗೆ ಹೋದರು.

ಕಂಪ್ಯೂಟರ್ ಮಾರಿದವನಿಗೆ ಫೋನ್ ಮಾಡಿದೆ. “ಫಾರ್ಮ್ಯಾಟ್ ಮಾಡ್ರಿ ಮೇಡಂ” ಎಂದ. ಇವನ ಬಳಿ ಬೇರೆ ಔಷಧಿಯೇ ಇಲ್ಲ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗಲೂ ಫಾರ್ಮ್ಯಾಟ್ ಮಾಡಿ ಎಂದಿದ್ದ. ಇಡೀ ಊರಿನ ಮದುವೆಗಳನ್ನು ಅಳಿಸಿ ಒಂದು ಫೋಟೋ ತೆರೆಯಬೇಕಂತೆ! ಅವನಿಗೆ ನಾನು ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಕೊನೆಗೆ ಫೋಟೋ ತಿದ್ದುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಅದನ್ನು ತೆರೆದೆ. ಅಲ್ಲಿ ಬಂತು. ಅಲ್ಲಿಂದ ಸರಿಯಾಗಿ ಜೆಪೆಗ್ ಮಾಡಿ ತಂದರೂ ನಮ್ಮ ಮಿಕ್ಸಿಂಗ್ ಮಹಾಶಯ ಒಪ್ಪಲಿಲ್ಲ. ಮತ್ತೆ ಅದೇ ಸಾಲು, ಅದೇ ಗುಂಡಿ. ನಾನು ಇಲಿಯನ್ನು, ಅಂದರೆ ಮೌಸನ್ನು, ಮೇಜಿಗೆ ಕುಟ್ಟಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಅದು ನಾನು ಕುಟ್ಟಿದ್ದಕ್ಕೆ ಹೆದರಿ ಹೋದದ್ದೆಂದು ಸ್ವಲ್ಪ ಹೊತ್ತು ಸಮಾಧಾನಪಟ್ಟುಕೊಂಡೆ.

ಕರೆಂಟು ಬಂದ ಮೇಲೆ ಒಂದೊಂದೇ ಮೆನು ಇಳಿಸಿ ನೋಡುತ್ತಾ ಹೋದಾಗ ಗುಟ್ಟು ಸಿಕ್ಕಿತು. ಪ್ರೆಸ್ಸಿನವರು ಫೋಟೋವನ್ನು ನಾಲ್ಕು ಶಾಯಿಯ ಲೆಕ್ಕದಲ್ಲಿ ಇಡುತ್ತಾರೆ. ಟಿವಿಗೆ ಗೊತ್ತಿರುವುದು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕು ಮಾತ್ರ. ನಾಲ್ಕನ್ನು ಮೂರಕ್ಕೆ ಇಳಿಸಿದೆ. ಈಗ ಸಾಫ್ಟ್‌ವೇರು ಫೋಟೋವನ್ನು ನುಂಗಿತು, ನುಂಗಿ ಉಸಿರುಗಟ್ಟಿ ನಿಂತುಬಿಟ್ಟಿತು. ಯಾಕೆಂದರೆ ಫೋಟೋದ ಅಳತೆ ಬ್ಯಾನರಿನದು. ರಸ್ತೆಗೆ ಅಡ್ಡ ಕಟ್ಟುವುದನ್ನು ಟಿವಿಯೊಳಗೆ ತುರುಕಿದರೆ ಇನ್ನೇನಾದೀತು? ಟಿವಿಯ ಅಳತೆಗೆ ಕುಗ್ಗಿಸಿದೆ. ಬಂತು! ಬುದ್ಧವಂದನೆ ಮುಗಿಯುತ್ತಿದ್ದಂತೆ ನಿಧಾನವಾಗಿ ಮೂಡಿ ಬಂತು. ಗೆದ್ದ ಹುಮ್ಮಸ್ಸಿನಲ್ಲಿ ಹೂವಿನ ಹಾರ ಹಾಕಿದೆ. ಎರಡೂ ಬದಿಗೆ ಮೇಣದಬತ್ತಿ ಹಚ್ಚಿದೆ. ಕೆಳಗೆ ‘ಸದಾ ನಿಮ್ಮ ನೆನಪಿನಲ್ಲಿ’ ಎಂದು ಬರೆದೆ.

ಕಮಲಾಬಾಯಿ, ಸುನೀತಾ, ಮಾರುತಿ ಮೂವರೂ ನೋಡಲು ಬಂದರು. ನಾನು ಕೈಕಟ್ಟಿಕೊಂಡು ಕಣ್ಣೀರಿಗಾಗಿ ಕಾಯುತ್ತಾ ನಿಂತೆ. ಹಾರ ಹಾಕಿದ ಮುಖ ಮೂಡಿತು. ಕಮಲಾಬಾಯಿ ತೆರೆಯತ್ತ ನೋಡಿದರು, ಮೈದುನನತ್ತ ನೋಡಿದರು, ಮತ್ತೆ ತೆರೆಯತ್ತ ನೋಡಿದರು.

“ಇವರು ನಮ್ಮ ಮನಿಯವರಲ್ಲರಿ ಅಕ್ಕೋರೆ. ಇಂವ ನಮ್ಮ ಮಾರುತಿ.”

“ಕಾಕಾ!” ಎಂದಳು ಸುನೀತಾ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಬ್ಯಾನರಿನಲ್ಲಿ ಚೆಂದ ಕಾಣಲೆಂದು ಮಾರುತಿ ತನ್ನ ಪ್ರಾಯದ ಫೋಟೋವನ್ನೂ ಪ್ರೆಸ್ಸಿಗೆ ಕೊಟ್ಟಿದ್ದನಂತೆ. ಅವರು ಸಿಡಿಗೆ ಹಾಕಿದ್ದು ಅದನ್ನು. ಮೈಯೆಲ್ಲ ಉರಿದು ಅಲ್ಲಿಂದಲೇ ಪ್ರೆಸ್ಸಿಗೆ ಫೋನ್ ಹಚ್ಚಿದೆ. “ನಿಮಗ ಕಣ್ಣ ಅದಾವೋ ಇಲ್ಲೋ? ಇದ್ದ ಮನುಷ್ಯಾನ್ನ ಸತ್ತಾನಂತ ಕೊಡ್ತೀರೇನು? ಹೂವಿನ ಮಾಲಿ ಹಾಕಿ ಕೂತೀನಿ ನಾ!”

ಪ್ರೆಸ್ಸಿನವರು ಪೂರ್ತಿ ಕೇಳಿಸಿಕೊಂಡು ಸಾವಕಾಶ ಕೇಳಿದರು: “ತಪ್ಪಾಗ್ಯಾದ್ರಿ ಮೇಡಂ. ಆದ್ರ ಸತ್ತಾನಂತ ನಾವೆಲ್ಲಿ ಹೇಳಿವ್ರಿ? ಮಾಲಿ ಹಾಕಿದವ್ರು ಯಾರು?”

ನಾನು ಫೋನ್ ಇಟ್ಟೆ.

ಮಾರುತಿಯ ಅಣ್ಣನ ಫೋಟೋ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇತ್ತು, ಪುಣ್ಯ. ಮನೆಯವರು ಮರುದಿನ ರೈಲಿನಲ್ಲಿ ಹೋಗಿ ತಂದರು. ಅದಕ್ಕೂ ಅದೇ ನಾಲ್ಕು ಶಾಯಿಯ ರೋಗ, ಅದೇ ಬ್ಯಾನರಿನ ಅಳತೆ. ಈ ಸಲ ಚಹಾ ಆರುವುದರೊಳಗೆ ಗುಣಪಡಿಸಿದೆ. ಕಮಲಾಬಾಯಿ ಮಗಳು, ಮೈದುನನೊಂದಿಗೆ ಮತ್ತೆ ಬಂದು ನೋಡಿದರು. ಕಲ್ಲಿನ ಧೂಳು ಕೂದಲಲ್ಲೇ ಉಳಿದಂತಿದ್ದ, ನಗಲು ಹೋಗಿ ನಾಚಿ ನಿಲ್ಲಿಸಿದಂತಿದ್ದ ಮುಖ.

“ಇಷ್ಟ್ ದೊಡ್ಡದಾಗಿ ನಾ ಅವರ ಮಾರಿ ನೋಡೇ ಇದ್ದಿಲ್ಲರಿ” ಎಂದು ತೆರೆಯನ್ನು ಬೆರಳಿನಿಂದ ಮುಟ್ಟಿದರು. ಗಾಜಿನ ಮೇಲೆ ಬೆರಳಿನ ಗುರುತು ಮೂಡಿದರೆ ಕೆಂಡವಾಗುವ ನಾನು ಅವತ್ತು ತೆರೆಯನ್ನು ಅವರತ್ತ ಇನ್ನಷ್ಟು ತಿರುಗಿಸಿದೆ.

ಮಾರುತಿ ಮಾತ್ರ ಹೊರಡುವಾಗ ಬಾಗಿಲಲ್ಲಿ ನಿಂತ. “ಅಕ್ಕೋರೆ, ನಂದು ಅಳಿಸಬ್ಯಾಡ್ರಿ. ಮಾಲಿ ಭಾಳ ಛಲೋ ಹಾಕೀರಿ. ಮುಂದ ಹೆಂಗೂ ಬೇಕಾಗ್ತದ.”

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಆ ಮದುವೆಯ ಸಿಡಿಯ ತುಂಬ ಓಡಾಡಿದವನು, ನೀರು ಕೊಟ್ಟವನು, ಕುಣಿದವನು, ಮದುಮಗಳನ್ನು ಕಳಿಸುವಾಗ ಕಂಬಕ್ಕೆ ಮುಖ ಒತ್ತಿ ಅತ್ತವನು ಇವನೇ. ಆ ಅಳುವಿಗೆ ಹಾಡು ಹುಡುಕಿ ಹಾಕಿದವಳೂ ನಾನೇ. ಅವನ ಫೋಟೋದಲ್ಲಿ ಎಷ್ಟು ಶಾಯಿ ಇದೆ ಎಂಬುದನ್ನು ಬಿಡದೆ ಪತ್ತೆ ಹಚ್ಚಿದ್ದೆ. ಮುಖ ಒಂದನ್ನು ನೋಡಲು ಪುರುಸೊತ್ತಾಗಿರಲಿಲ್ಲ. ಸಂಜೆ ಚಿಂಚೋಳಿಯ ಕೆಲಸ ಮುಗಿಯಿತೇ ಎಂದು ಮನೆಯವರನ್ನು ಸುಮ್ಮನೆ ಒಂದು ಸುತ್ತು ಬೈದೆ. ಯಾರನ್ನಾದರೂ ಬೈಯಬೇಕಿತ್ತು, ನನ್ನನ್ನು ಬಿಟ್ಟು.