ಕಲೀಜ ಮುಟ್ಟದ ನನ್ನ ತಮ್ಮ

ನನ್ನ ತಮ್ಮ ಸುಮ್ಮನೆ ನಿಂತು ನೋಡಿದರೂ ಸಾಕು, ಕುರಿ ಮೇಯುವುದನ್ನು ನಿಲ್ಲಿಸುತ್ತಿತ್ತು! ಸುಳ್ಳಲ್ಲ ಮೊಮ್ಮಕ್ಕಳೇ. ಬೇರೆಯವರು ತೊಡೆ, ಎದೆ ಎಂದು ಹೊರಗೆ ನೋಡಿದರೆ ಇವನ ಕಣ್ಣು ಸೀದಾ ಒಳಗೇ ಹೋಗುತ್ತಿತ್ತು. ಕರುಳಿನ ಬೋಟಿ, ಗುಂಡಿಗೆ, ಮೆದುಳು, ನಾಲಿಗೆ, ಹೆಪ್ಪುಗಟ್ಟಿದ ರಕ್ತದ ಪಲ್ಯ ಎಲ್ಲವೂ ಬೇಕು. ಕಲೀಜ ಒಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. (ನಿಮ್ಮ ಪುಸ್ತಕದಲ್ಲಿ ಯಕೃತ್ತು ಎಂದಿದೆಯಲ್ಲ, ಅದೇ.) ನಾವು ಚಿಕ್ಕವರಿದ್ದಾಗ ಮೆಟ್ರಿಯ ನಮ್ಮ ತವರುಮನೆಯಲ್ಲಿ ಅಪ್ಪ ಅದನ್ನು ಕೆಂಡದ ಮೇಲೆ ಸುಟ್ಟು ಇವನ ಕೈಗಿಟ್ಟರೆ, “ನನಗ ಸೇರೂದಿಲ್ಲ, ಅಕ್ಕಗ ಕೊಡು” ಎಂದು ಓಡಿಹೋಗುತ್ತಿದ್ದ. ಬೋಟಿ ಸೇರುವವನಿಗೆ ಕಲೀಜ ಸೇರದೇ? ಹುಚ್ಚ ಎಂದುಕೊಂಡು ನಾನು ತಿಂದುಬಿಡುತ್ತಿದ್ದೆ.

ಮುಂದೆ ಗಣಿಯ ಕಾಲ ಬಂತು. ನಾನು ಹೊಸಪೇಟೆಯಲ್ಲಿ ನಿಮ್ಮಜ್ಜನ ಜೊತೆ, ತಮ್ಮ ಸಂಡೂರಿನ ಅದಿರು ಲಾರಿಯಲ್ಲಿ. ಗಣಿಯ ದುಡ್ಡು ಕೈಗೆ ಬಂದು ಊರೆಲ್ಲ ದಿಢೀರನೆ ತೊಡೆಯ ಮಾಂಸಕ್ಕೇ ಮುಗಿಬಿತ್ತು. ಕಲೀಜ ಒಂದನ್ನು ಬಿಟ್ಟು ಒಳಗಿನ ಸಾಮಾನೆಲ್ಲ ಇವನ ಪಾಲು, ದಿನಾ ಹಬ್ಬ!

ಹೊಸಪೇಟೆಯಲ್ಲಿ ತಲೆ, ಕಾಲು ಸುಡಿಸಲು ಹಿಂದೆ ಕಮ್ಮಾರನ ಕುಲುಮೆಗೆ ಒಯ್ಯುತ್ತಿದ್ದೆವು. ಆ ಕಮ್ಮಾರ ಈಗ ಲಾರಿಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಇವನು ಬಿಟ್ಟಾನೆಯೇ? ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಕುರಿತಲೆ ಹಿಡಿದು ಮುಂದಕ್ಕೆ ನುಗ್ಗಿದನಂತೆ.

“ಲೇ, ನನ್ನ ಲಾರಿ ಸ್ಪ್ರಿಂಗ್ ಪಾಟಾ ಮುರದು ಎರಡು ತಾಸಾತು! ನೀ ಕುರಿ ತಲಿ ಸುಡಿಸಾಕ ಬಂದಿಯೇನು?” ಎಂದು ಒಬ್ಬ ಡ್ರೈವರ್ ಜಗಳಕ್ಕೆ ಬಂದ.

“ನಿನ್ನ ಲಾರಿ ನಾಳಿಗೂ ಲಾರೀನ ಇರತೈತಿ. ಈ ತಲಿ ಸಂಜಿಗೆ ನಾರತೈತಿ. ಯಾವುದು ಜಲ್ದಿ ಆಗಬೇಕು, ನೀನ ಹೇಳು!”

ಬೈದವನೇ ಆ ಸಂಜೆ ನಮ್ಮ ಮನೆಯಲ್ಲಿ ಕೂತು ತಲೆಕಾಲು ಸಾರನ್ನು ಎರಡು ಸಲ ಬಡಿಸಿಕೊಂಡ!

ಇನ್ನೊಮ್ಮೆ ಭತ್ತದ ಕೊಯ್ಲು ಮುಗಿದಾಗ ಮೆಟ್ರಿಯಿಂದ ಹುರಿದ ಮಾಂಸ ತಂದು, ಬುರ್ಲಿ ಹಕ್ಕಿ ಎಂದು ನಿಮ್ಮಜ್ಜನ ತಟ್ಟೆಗೆ ಹಾಕಿದ.

“ಮಸ್ತ್ ಐತಲೋ! ಆದ್ರ ಈ ಹಕ್ಕಿಗೆ ರೆಕ್ಕಿ ಎಲ್ಲಿ?”

“ಭತ್ತ ತಿಂದು ತಿಂದು ಹಾರೂದ ಮರತಾವ್ರಿ ಮಾವ.”

“ನಾಕು ಕಾಲದಾವಲ್ಲೋ!”

“ಹಾರೂದ ಬಿಟ್ಟ ಮ್ಯಾಲ ನಡಿಯಾಕ ಬೇಕಲ್ರಿ!”

ಗದ್ದೆಯ ಇಲಿ ಎಂದು ತಿಳಿದ ಮೇಲೆ ನಿಮ್ಮಜ್ಜ ಮೂರು ದಿನ ಅವನ ಹೆಸರೆತ್ತಲಿಲ್ಲ. ನಾಲ್ಕನೆಯ ದಿನ ಮೆಲ್ಲಗೆ, “ನಿನ್ನ ತಮ್ಮ ಮತ್ತ ಯಾವಾಗ ಬರತಾನ?” ಎಂದರು!

ಹೀಗೆ ಊರಿಗೆಲ್ಲ ಏನೇನೋ ತಿನ್ನಿಸಿದವನು ಸೋತದ್ದು ನನ್ನೊಬ್ಬಳ ಮುಂದೆ. ನಾಚಿಕೆಯ ಹೆಂಗಸು ನಾನು. ಯಾರು ಏನು ಕೊಡಲು ಬಂದರೂ ನನ್ನ ಬಾಯಿಂದ ಮೊದಲು ಬರುತ್ತಿದ್ದ ಮಾತು ‘ಬ್ಯಾಡ’.

ಆ ಮಾತು ಗಟ್ಟಿಯಾಗಿ ಕೂತದ್ದು ನಿಮ್ಮಜ್ಜ ತೀರಿಕೊಂಡಾಗ. ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ ತವರಿನವರು ಬಂದು ಗಂಡ ಸತ್ತವಳ ಬಾಯಿಗೆ ಮೊದಲ ತುಂಡು ಮಾಂಸ ಇಡುವುದು ನಮ್ಮ ಮನೆತನದ ಪದ್ಧತಿ. ಅಲ್ಲಿಂದ ಅವಳು ಮತ್ತೆ ಎಲ್ಲರಂತೆ ಉಣ್ಣಬೇಕು. ತಮ್ಮ ಕಾಲಿನ ಸೂಪು ತಂದ. ಬ್ಯಾಡ ಎಂದೆ. ಮೆದುಳು ಹುರಿದು ತಂದ. ಬ್ಯಾಡ. ಕಂಪ್ಲಿಯಿಂದ ಏಡಿ ತಂದ. ಬ್ಯಾಡವೇ ಬ್ಯಾಡ! ಗಂಜಿ ಕುಡಿದು ಕುಡಿದು ಗೋಡೆ ಹಿಡಿದು ನಡೆಯುವಂತಾಗಿದ್ದೆ. ಮೈಯಲ್ಲಿ ರಕ್ತವೇ ಇಲ್ಲ ಎಂದು ಡಾಕ್ಟರು ಗದರಿಸಿದ್ದರು.

ನಾಲ್ಕನೆಯ ಸಲ ಅವನು ಡಬ್ಬಿ ತರಲಿಲ್ಲ. ಎಲೆಯಲ್ಲಿ ಕಟ್ಟಿದ ಹಸಿ ಕಲೀಜ ತಂದ. ಬಚ್ಚಲ ಒಲೆಯ ಮುಂದೆ ಕೂತು, ಕೆಂಡದ ಮೇಲೆ ಒಂದು ತುಂಡು ಸುಟ್ಟು, ಉಪ್ಪು ಸವರಿ ಮುಂದೆ ಹಿಡಿದ.

“ಬ್ಯಾಡೋ, ನೀನ ತಿನ್ನು” ಎಂದೆ. ತಕ್ಷಣ ನೆನಪಾಗಿ, “ಅಯ್ಯ, ನಿನಗ ಸೇರೂದಿಲ್ಲಲ್ಲ” ಎಂದೆ.

“ಯಾರಂದ್ರು?”

“ನೀನ ಅಂತಿದ್ದೆಲ್ಲೋ!”

“ಅಪ್ಪ ನನಗಷ್ಟ ಕೊಡ್ತಿದ್ದ ಅಕ್ಕ. ನೀ ಬಾಯಿಬಿಟ್ಟು ಕೇಳಾಕಿ ಅಲ್ಲ. ಮತ್ತೇನನ್ಲಿ?”

ನನ್ನ ‘ಬ್ಯಾಡ’ ಅವತ್ತು ಎಲ್ಲಿ ಹೋಯಿತೋ! ಆ ತುಂಡನ್ನು ಮುರಿದು ಅರ್ಧ ಅವನ ಬಾಯಿಗಿಟ್ಟು, ಉಳಿದರ್ಧ ನಾನು ತಿಂದೆ. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ.

“ಇದಕ್ಕೇನು ನಾ ಇಷ್ಟು ವರ್ಷ ಜೊಲ್ಲು ನುಂಗಿದ್ದು? ಬೋಟೀನ ಭಾಳ ಚಲೋ ಬಿಡು!”

“ಇನ್ನೊಂದು ಸುಡೋ” ಎಂದೆ ನಾನು.

ನನ್ನ ಜೀವಮಾನದಲ್ಲಿ ನಾನು ಬಾಯಿಬಿಟ್ಟು ಕೇಳಿದ ಮೊದಲ ತುಂಡು ಅದು.