ಒಂದೂವರೆ ಮೊಳ ದೂರದ್ದು ಕಾಣದ ಕಂಪ್ಯೂಟರಿಗೆ

ಮಾನ್ಯ ಕಂಪ್ಯೂಟರ್ ಮಹಾಶಯರೇ,

ಈ ಕನ್ನಡಕದ ಅಂಗಡಿಯ ಒಡತಿಯೂ, ದಿನಾ ತಮ್ಮ ಧೂಳು ಒರೆಸಿ ಬಿಸಿಲು ತಾಗದಂತೆ ಪರದೆ ಎಳೆಯುವ ಸೇವಕಿಯೂ ಆದ ನಾನು, ತಮ್ಮ ಕ್ಷೇಮವನ್ನು ಹಾರೈಸುತ್ತಾ ಬಿನ್ನವಿಸುವುದೇನೆಂದರೆ: ತಮ್ಮ ಎಡಗಡೆ, ಒಂದೂವರೆ ಮೊಳ ದೂರದಲ್ಲಿ, ತಾವು ಕಳಿಸುವ ಅಳತೆಯಂತೆ ಗಾಜನ್ನು ಫ್ರೇಮಿಗೆ ಸರಿಯಾಗಿ ಕತ್ತರಿಸುವ ಯಂತ್ರವೊಂದು ನಾಲ್ಕು ವರ್ಷಗಳಿಂದ ಕೂತಿದೆ. ಹಂಡೆಯಷ್ಟು ದಪ್ಪ, ಹಳದಿ ಬಣ್ಣ, ಕೆಲಸಕ್ಕಿಳಿದರೆ ಬೀದಿಯ ಆಚೆಗೂ ಕೇಳುವಂಥ ಕಿರುಚಾಟ. ನಿನ್ನೆ ತಾವು ಅದನ್ನು ಹುಡುಕಿ ಹುಡುಕಿ ದಣಿದು, 'ಸಾಧನ ಪತ್ತೆಯಾಗಿಲ್ಲ' ಎಂದು ತೀರ್ಪು ಕೊಟ್ಟಿರಿ. ಇಷ್ಟು ಗಂಭೀರವಾಗಿ ಸುಳ್ಳು ಹೇಳುವುದು ನಮ್ಮ ಚಿಕ್ಕಪ್ಪನಿಗೂ ಬಾರದು. ಅವರು ಮುಖವನ್ನಾದರೂ ಆಚೆ ತಿರುಗಿಸುತ್ತಾರೆ.

ಆಗ ಅಂಗಡಿಯಲ್ಲಿ ಬಸ್ ಓಡಿಸುವ ಹೆಂಗಸೊಬ್ಬರು ಕಾಯುತ್ತಿದ್ದರು. ಅವರ ಕನ್ನಡಕದ ಮೇಲೆ ಮಗಳು ಕೂತು ಎರಡೂ ಗಾಜು ಪುಡಿಯಾಗಿದ್ದವು. ಒಂಬತ್ತು ವರ್ಷ ಕೇಳಿ ಕೇಳಿ ಪಡೆದ ಕೆರೆ ಪಕ್ಕದ ರಸ್ತೆಯ ಬಸ್ಸು, ಅದರಲ್ಲಿ ನಿನ್ನೆ ಎರಡು ಗಂಟೆಗೆ ಅವರ ಮೊದಲ ಪಾಳಿ. ಕನ್ನಡಕವಿಲ್ಲದಿದ್ದರೆ ಅದು ಬೇರೆಯವರ ಪಾಲು.

ತಮ್ಮನ್ನು ಆಫ್ ಮಾಡಿ ಆನ್ ಮಾಡಿದೆ. ಯಂತ್ರಕ್ಕೂ, ಗೋಡೆಯಲ್ಲಿ ಮಿಣಮಿಣ ಎನ್ನುವ ನೆಟ್‌ವರ್ಕ್ ಪೆಟ್ಟಿಗೆಗೂ ಅದೇ ಉಪಚಾರ ಮಾಡಿದೆ. ಸಹಾಯವಾಣಿಯವರು ತಮ್ಮ ಮಾತನ್ನೇ ನಂಬಿ "ಅಂಥ ಮಷೀನು ನಿಮ್ಮ ಹತ್ರ ಇಲ್ವಲ್ಲಾ ಮೇಡಂ" ಎಂದಾಗ, ನಾನು ಅದೇ ಮಷೀನಿನ ಮೇಲೆ ಮೊಣಕೈ ಊರಿ ನಿಂತಿದ್ದೆ. ಈ ನಡುವೆ ತಾವು ಮೇಲಿನ ಮಹಡಿಯ ಹಲ್ಲಿನ ಡಾಕ್ಟರ ಪ್ರಿಂಟರನ್ನು ಪತ್ತೆಹಚ್ಚಿ, 'ಇದು ಆಗಬಹುದೇ?' ಎಂದು ಕೇಳಿದ ಔದಾರ್ಯವನ್ನು ಮರೆಯಲಾರೆ. ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ನಲವತ್ತು ದಾಟಿದ ಗಿರಾಕಿಗಳಲ್ಲಿ ನಾನು ದಿನಾ ನೋಡುವ ತೊಂದರೆಯೇ ಇದು. ಆದ್ದರಿಂದ ಸೋಮವಾರ ತಾವು ಆ ಎತ್ತರದ ಸ್ಟೂಲಿನ ಮೇಲೆ ಕೂತು, ಒಂದು ಕಣ್ಣು ಮುಚ್ಚಿಕೊಂಡು, ಗೋಡೆಯ ಅಕ್ಷರಗಳನ್ನು ಓದಿ ಉಪಕರಿಸಬೇಕು. ಪರೀಕ್ಷೆ ಉಚಿತ.

ಒಂದೂ ಕಾಲಾಯಿತು. ಬಸ್ಸಿನವರು ಎದ್ದು, ಮೇಜನ್ನು ತಡವುತ್ತಾ ಬಂದು, ಯಂತ್ರದ ಬೆನ್ನಿಗೆ ಕೈಹಾಕಿ, "ಅಕ್ಕಾ, ಈ ವೈರು ಅಲ್ಲಾಡ್ತಿದೆ ನೋಡಿ" ಎಂದು ಒತ್ತಿದರು. ಟಕ್ ಎಂದಿತು. ಅಂಗಡಿಯಲ್ಲಿ ಕಂಡದ್ದನ್ನೆಲ್ಲ ಒರೆಸುವ ಚಾಳಿ ನನ್ನದು. ಹಿಂದಿನ ಸಂಜೆ ಆ ವೈರಿನ ತುದಿಯನ್ನೂ ಕಿತ್ತು, ಕನ್ನಡಕದ ಬಟ್ಟೆಯಲ್ಲಿ ಒರೆಸಿ, ಅರ್ಧಂಬರ್ಧ ಸಿಕ್ಕಿಸಿದ್ದೆ. ಕನ್ನಡಕದ ಡಬ್ಬಿಯನ್ನು ಟಕ್ ಎನ್ನುವವರೆಗೆ ಒತ್ತಿ ಮುಚ್ಚಬೇಕೆಂದು ಬಂದವರಿಗೆಲ್ಲ ಬುದ್ಧಿ ಹೇಳುವವಳೂ ನಾನೇ. ನಾಚಿಕೆಯಾಯಿತು, ಒಪ್ಪುತ್ತೇನೆ. ಆದರೂ ವೈರು ಸಡಿಲವಾಗಿದೆ ಎಂದು ಒಂದು ಮಾತು ಹೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಅದು ಬಿಟ್ಟು, ನಾಲ್ಕು ವರ್ಷದ ನೆರೆಯವನನ್ನು ನೋಡಿ 'ಹೊಸ ಸಾಧನ ಪತ್ತೆಯಾಗಿದೆ' ಎಂದು ಸಂಭ್ರಮಿಸಿದಿರಿ.

ಒಂದೂ ಮುಕ್ಕಾಲಿಗೆ ಕನ್ನಡಕ ಸಿದ್ಧವಾಯಿತು. ಎರಡು ಹೊಡೆದ ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಬಸ್ಸೊಂದು ಎರಡು ಸಲ ಹಾರ್ನ್ ಹಾಕಿತು. ಖುಷಿ ತಾಳಲಾರದೆ ನಾನೂ ಯಂತ್ರವನ್ನು ಎರಡು ಸಲ ಕಿರುಚಿಸಿದೆ.

ಇಂತು, ಒರೆಸುವುದನ್ನು ಬಿಡಲಾರದ
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವಳು

ತಾ.ಕ.: ಹೊಸ ಕನ್ನಡಕ ಹಾಕಿಕೊಂಡ ಬಸ್ಸಿನವರು ಮೊದಲು ಆ ವೈರನ್ನು ನೋಡಿದರು, ಆಮೇಲೆ ನನ್ನನ್ನು. "ಅಕ್ಕಾ, ನಿಮ್ಮ ಕಣ್ಣೂ ಒಂದ್ಸಲ ನೋಡಿಸ್ಕೊಳ್ಳಿ" ಎಂದರು. ನೋಡಿಕೊಂಡೆ, ನಂಬರು ಏರಿದೆ. ನಾಳೆ ನನ್ನ ಗಾಜು ಕತ್ತರಿಸಬೇಕು. ಆ ಹೊತ್ತಿಗೆ ತಮಗೆ ಮತ್ತೆ ಯಂತ್ರ ಕಾಣದಿದ್ದರೆ, ಅಂಗಡಿಯನ್ನು ಬಸ್ಸಿನವರಿಗೆ ಒಪ್ಪಿಸಿ ನಾವಿಬ್ಬರೂ ಗಿರಾಕಿಗಳ ಬೆಂಚಿನ ಮೇಲೆ ಕೂರೋಣ.