ಪುಸ್ತಕ ನೋಡಿ ಸೂಜಿ ಹಾಕುವ ಭಾವ

ನಮ್ಮ ಭಾವನವರಿಗೆ, ಅಂದರೆ ಅಕ್ಕನ ಗಂಡನಿಗೆ, ಡಾಕ್ಟರಿಕೆ ಬರುವುದಿಲ್ಲ ಎಂದು ಪಿರಿಯಾಪಟ್ಟಣದ ಅರ್ಧ ಊರು ನಂಬಿದೆ. ಉಳಿದರ್ಧ ಊರಿಗೆ ಇನ್ನೂ ನಾಯಿ ಕಚ್ಚಿಲ್ಲ, ಅಷ್ಟೆ!

ಜ್ವರ, ಕೆಮ್ಮಿಗೆಲ್ಲ ಅವರೂ ಎಲ್ಲರಂತೆ ಚಕಚಕನೆ ಚೀಟಿ ಬರೆಯುತ್ತಾರೆ. ನಾಯಿ ಕಚ್ಚಿತು ಎಂದರೆ ಮಾತ್ರ ಮೇಜಿನ ಖಾನೆಯಿಂದ ನಾಯಿಕಡಿತದ ಚಿಕಿತ್ಸೆಯ ಪುಸ್ತಕ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಪಾಡು! ರೋಗಿಯ ಎದುರಿಗೇ ಪುಸ್ತಕ ಓದುವ ಡಾಕ್ಟರನ್ನು ಯಾರು ನಂಬುತ್ತಾರೆ, ನೀವೇ ಹೇಳಿ.

ಒಮ್ಮೆ ರೈತರೊಬ್ಬರು ನಾಯಿ ಕಚ್ಚಿದ ಕಾಲಿನ ಗಾಯಕ್ಕೆ ಹೊಗೆಸೊಪ್ಪಿನ ಪುಡಿ ಮೆತ್ತಿಕೊಂಡು ಬಂದರು. ಭಾವ ಪುಸ್ತಕ ಬಿಡಿಸಿದ್ದೇ ತಡ, ರೈತರು ಪಂಚೆ ಕೊಡವಿಕೊಂಡು ಎದ್ದರು.

"ಸಾಮಿ, ನೀವು ಮೊದ್ಲು ಓದ್ಕಂಡು ಪಾಸಾಗಿ. ಆಮೇಕೆ ಬತ್ತೀನಿ."

ಭಾವ ಬಸ್ ನಿಲ್ದಾಣದವರೆಗೂ ಓಡಿ, ಬಸ್ಸು ಹತ್ತಿ ಕೂತಿದ್ದವರನ್ನು ಕೈಹಿಡಿದು ಇಳಿಸಿ ತಂದು, ಕ್ಲಿನಿಕ್ಕಿನ ಹೊರಗಿನ ನಲ್ಲಿಯಡಿ ಕಾಲಿಡಿಸಿದರು. ಸೋಪು, ಹರಿಯುವ ನೀರು, ಹದಿನೈದು ನಿಮಿಷ. ಅದೂ ಗಡಿಯಾರ ನೋಡಿಕೊಂಡು! "ಕಾಲು ತೊಳ್ಸಕ್ಕೂ ಡಾಕ್ಟ್ರು ಬೇಕೇನ್ಲಾ?" ಎಂದು ದಾರಿಯಲ್ಲಿ ಹೋಗುವವರು ನಕ್ಕರು. ಸುಳ್ಳೇಕೆ, ನಾನೂ ನಕ್ಕೆ.

ರಸ್ತೆಯಾಚೆಯ ಡಾಕ್ಟರು ಹಾಗಲ್ಲ. ಕೇಳುವ ಮೊದಲೇ ಉತ್ತರ ಸಿದ್ಧ. ಅವರ ಬಾಗಿಲಲ್ಲಿ ಸದಾ ಜನವೋ ಜನ.

ಹೋದ ವರ್ಷ ಒಂದು ಬೆಳಿಗ್ಗೆ ಎಂಟು ವರ್ಷದ ನನ್ನ ಮಗಳು ಬೀದಿಯ ನಾಯಿಮರಿಗೆ ಬಿಸ್ಕತ್ತು ಕೊಡಲು ಬಗ್ಗಿದಳು. ಅದು ಕೆನ್ನೆಗೇ ಬಾಯಿ ಹಾಕಿತು. ರಕ್ತ ಅಂಗಿಯ ಮೇಲೆಲ್ಲ ಇಳಿಯುತ್ತಿತ್ತು. ಅವಳನ್ನು ಎತ್ತಿಕೊಂಡು, "ನಾಯಿ ಕಚ್ತು!" ಎಂದು ಕೂಗುತ್ತಾ ನಾನು ಓಡಿದ್ದೆಲ್ಲಿಗೆ? ಭಾವನ ಬಾಗಿಲು ದಾಟಿ, ರಸ್ತೆಯಾಚೆಗೆ! ಅಂಥ ಹೊತ್ತಿನಲ್ಲಿ ಪುಸ್ತಕ ಓದುವವರು ಯಾರಿಗೆ ಬೇಕು?

"ಮರಿ ತಾನೆ? ಏನೂ ಆಗಲ್ಲ. ಎರಡು ಹೊಲಿಗೆ, ಒಂದು ಟಿಟಿ. ನಾಯಿ ಸತ್ತರೆ ಬಂದು ಹೇಳಿ, ಆಗ ನೋಡೋಣ," ಎಂದರು ಆ ಡಾಕ್ಟರು. ನನಗೆ ಹೋದ ಜೀವ ಬಂದಂತಾಯಿತು.

ಅವರು ಹೊಲಿಯುವ ಸೂಜಿ ಕೈಗೆತ್ತಿಕೊಂಡಿದ್ದರು. ಅಷ್ಟರಲ್ಲಿ ಭಾವ ಏದುಸಿರು ಬಿಡುತ್ತಾ ಒಳಗೆ ನುಗ್ಗಿದರು. ಕಂಕುಳಲ್ಲಿ ಪುಸ್ತಕ!

"ಹೊಲೀಬೇಡಿ ಸಾರ್! ಗಾಯ ತೊಳೆದಿಲ್ಲ, ಸೀರಂ ಹಾಕಿಲ್ಲ. ಈಗ ಹೊಲಿದ್ರೆ ವಿಷಾನ ಒಳಗಿಟ್ಟು ಹೊಲಿದಂಗೆ."

"ನಿಮ್ಮ ಪುಸ್ತಕ ನಿಮ್ಮತ್ರಾನೇ ಇಟ್ಕೊಳ್ಳಿ," ಎಂದರು ಅವರು.

"ಒಂದೇ ಪುಟ ಸಾರ್. ಓದಿ. ಕೈ ಮುಗೀತೀನಿ."

ಆ ಡಾಕ್ಟರು ಪುಟ ಓದಿದರು. ಮತ್ತೊಮ್ಮೆ ಓದಿದರು. ಸೂಜಿ ಕೆಳಗಿಟ್ಟು, "ನಮ್ಮ ನಲ್ಲೀಲೇ ತೊಳೀರಿ, ಬೇಗ," ಎಂದು ಸಣ್ಣ ದನಿಯಲ್ಲಿ ಹೇಳಿದರು.

ಹದಿನೈದು ನಿಮಿಷ ಎಷ್ಟು ಉದ್ದವೆಂಬುದು ಚೀರುವ ಮಗುವನ್ನು ಹಿಡಿದುಕೊಂಡವನಿಗೇ ಗೊತ್ತು. "ಸಾಕು ಭಾವ!" ಎಂದೆ. "ಇನ್ನೂ ಆರು ನಿಮಿಷ. ಹಿಡ್ಕಳೋ ಸರಿಯಾಗಿ!" ಎಂದು ಗದರಿದರು. ಆಮೇಲೆ ತಮ್ಮ ಕ್ಲಿನಿಕ್ಕಿನಲ್ಲಿದ್ದ ಲಸಿಕೆಯನ್ನು ತೋಳಿಗೆ ಹಾಕಿದರು. ವಿಷ ಹರಡದಂತೆ ಗಾಯದೊಳಗೇ ಹಾಕಬೇಕಾದ ಸೀರಂ ಅವರಲ್ಲಿರಲಿಲ್ಲ. ಹುಣಸೂರಿನಲ್ಲಿದೆ ಎಂದು ಫೋನಿನಲ್ಲಿ ತಿಳಿದದ್ದೇ ಭಾವನ ಕಾರು ಹೊರಟಿತು.

"ಭಾವ, ಒಂದು ವೇಳೆ ಹುಚ್ಚುನಾಯಿ ರೋಗ ಅಂಟಿದ್ರೆ?"

"ಕಾಣಿಸ್ಕಂಡ ಮೇಲೆ ಯಾವ ಡಾಕ್ಟ್ರ ಕೈಲೂ ಆಗಲ್ಲ. ಅದಕ್ಕೇ ಈಗ್ಲೇ ಓಡ್ತಿರೋದು."

ಸುಮ್ಮನಿರಲಾಗದೆ ಕೇಳಿದೆ: "ಇಷ್ಟು ವರ್ಷ ಓದಿದೀರಿ, ಬಾಯಿಪಾಠ ಆಗಿಲ್ವಾ?"

"ಆಗಿದೆ ಕಣೋ. ಎಲ್ಲಾ ಗೊತ್ತು ಅಂದ್ಕಂಡಾಗ್ಲೇ ನಾವು ಡಾಕ್ಟ್ರು ತಪ್ಪು ಮಾಡೋದು."

ಹುಣಸೂರಿನಲ್ಲಿ ನರ್ಸು ಸೀರಂ ಸಿದ್ಧಮಾಡುತ್ತಿದ್ದರು. ಭಾವನ ತೊಡೆಯ ಮೇಲಿದ್ದ ಮಗಳು ಕೇಳಿದಳು: "ಮಾವ, ನಾನು ಸತ್ತೋಗ್ತೀನಾ?"

ಭಾವ ಅವಳ ತಲೆಯನ್ನು ಎದೆಗವಚಿಕೊಂಡರು. "ಇಲ್ಲ ಕಣವ್ವ. ನಿನ್ನ ಬುಟ್ಬುಡ್ತೀನಾ ನಾನು?" ಎಂದರು. ಕನ್ನಡಕದಡಿಯಿಂದ ನೀರು ಇಳಿದು ಅವಳ ಕೂದಲಿಗೆ ಬಿತ್ತು.

ಎಲ್ಲ ಲಸಿಕೆಗಳೂ ಮುಗಿದವು. ಮಗಳೀಗ ನಾಲ್ಕನೇ ಕ್ಲಾಸು. ಮನೆಗೆ ಬಂದಾಗಲೆಲ್ಲ ಭಾವ ಅವಳ ಕೆನ್ನೆಯನ್ನೊಮ್ಮೆ ಸವರುತ್ತಾರೆ. ನನಗೆ ಆಗ ಅವರ ಮುಖ ನೋಡಲಾಗುವುದಿಲ್ಲ. ಮಗುವನ್ನೆತ್ತಿಕೊಂಡು ಅವರ ಬಾಗಿಲ ಮುಂದೆಯೇ ಓಡಿಹೋದೆನಲ್ಲ, ಅದನ್ನು ಕಂಡೇ ಅವರು ಹಿಂದೆ ಬಂದಿದ್ದರು. ಯಾಕೆ ದಾಟಿ ಹೋದೆ ಎಂದು ಅವರು ಇವತ್ತಿಗೂ ಕೇಳಿಲ್ಲ.